ಮೀನಿನ ಬಾಯಿಗೆ ಅಕ್ಕನ ಹುಳ

ನಮ್ಮಕ್ಕನ ತಲೆಯಲ್ಲಿ ಹುಳ ಬಿಟ್ಟವರು ಯಾರು ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಭಾವ ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನು ಮಾಡಿದ್ದಿಷ್ಟೇ: ನೊಣದ ಮರಿಹುಳುವನ್ನು ಒಣಗಿಸಿ ಪುಡಿ ಮಾಡಿದರೆ ಸಾಕಿದ ಮೀನಿಗೆ ಒಳ್ಳೆಯ ಆಹಾರವಂತೆ ಎಂದು ಎಲ್ಲೋ ಓದಿದ್ದನ್ನು ಊಟಕ್ಕೆ ಕೂತಾಗ ಹೇಳಿದೆ. ನನ್ನ ಮಾತನ್ನು ಈ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಧೈರ್ಯ ನನಗಿತ್ತು. ಅಕ್ಕ ಹಾಕಿಕೊಂಡುಬಿಟ್ಟಳು.

ಅಕ್ಕ ಸುಮ್ಮನೆ ಕೂರುವವಳೇ ಅಲ್ಲ. ದರ್ಜಿ ಭಾವನ ಪಕ್ಕ ವರ್ಷಾನುಗಟ್ಟಲೆ ಕೂತು ಅಂಗಿಗಳಿಗೆ ಗುಂಡಿ ಹಾಕಿದವಳು, ಒಂದು ದಿನ ಬೇಸತ್ತು ಹಿತ್ತಲಿಗೇ ಗುಂಡಿ ಹಾಕಿ ನೀರು ತುಂಬಿಸಿ ಮೀನು ಬಿಟ್ಟಳು. ಮುಂದಿನ ಕೋಣೆ ಭಾವನ ಅಂಗಡಿ, ಹಿಂದೆ ಅಕ್ಕನ ಕೊಳ, ನಡುವಿನ ಅಡುಗೆಮನೆಯೇ ಗಡಿ.

ಅಂಗಡಿಯಲ್ಲಿ ಸಿಗುವ ಮೀನಿನ ಆಹಾರದಲ್ಲಿ ಮುಖ್ಯವಾಗಿ ಇರುವುದು ಸಮುದ್ರದ ಸಣ್ಣ ಮೀನುಗಳ ಪುಡಿ. ಅಕ್ಕನಿಗೆ ಅದು ಮೊದಲಿನಿಂದಲೂ ಕಿರಿಕಿರಿ. "ಮೀನು ಬೆಳೆಸೋಕೆ ಮೀನೇ ಹಿಡೀಬೇಕು ಅಂದ್ರೆ ನಾನ್ಯಾಕೋ ಇಲ್ಲಿ ಒದ್ದಾಡ್ಬೇಕು?" ಎನ್ನುತ್ತಿದ್ದಳು.

ಹೀಗೆ ಸಿಪಾಯಿ ನೊಣ ಎಂಬ ಕಪ್ಪು ಜಾತಿಯ ನೊಣ ಮನೆಗೆ ಬಂತು. ಅದರ ಮರಿಗಳು ತರಕಾರಿ ಅಂಗಡಿಯ ಕೊಳೆತ ಟೊಮೆಟೊ, ಹಣ್ಣಿನ ಸಿಪ್ಪೆ ಎಲ್ಲವನ್ನೂ ತಿಂದು ಕೊಬ್ಬುತ್ತವೆ. ರೆಕ್ಕೆ ಬಂದ ಮೇಲೆ ನೊಣ ಊಟವನ್ನೇ ಬಿಟ್ಟು ಮದುವೆಯ ಯೋಚನೆಯಲ್ಲಿರುತ್ತದೆ.

"ನಿಮ್ಮ ಭಾವ ಉಲ್ಟಾ ನೋಡು," ಎಂದಳು ಅಕ್ಕ. "ಮದುವೆ ಆದ್ಮೇಲೇ ಊಟ ಶುರು ಮಾಡಿದ್ದು."

ಬೆಳೆದ ಮರಿಗಳಿಗೆ ಒಣ ಜಾಗ ಹುಡುಕಿಕೊಂಡು ಹೊರಡುವ ಚಾಳಿ. ಒಂದು ಬೆಳಗ್ಗೆ ಅವು ಗಡಿ ದಾಟಿದವು. ಭಾವ ಗಿರಾಕಿಯೊಬ್ಬರ ಸೊಂಟಕ್ಕೆ ಟೇಪು ಸುತ್ತಿ ಬಗ್ಗಿ ನೋಡಿದರೆ, ಮೂವತ್ತಾರರ ಮೇಲೆ ಹುಳುವೊಂದು ಮೂವತ್ತೆಂಟರ ಕಡೆಗೆ ನಡೆಯುತ್ತಿತ್ತು. ಗಿರಾಕಿ ಚಪ್ಪಲಿಯನ್ನೂ ಬಿಟ್ಟು ಓಡಿದರು.

"ಈ ವಾರದೊಳಗೆ ಇವಕ್ಕೆ ಬೇರೆ ಮನೆ ಮಾಡು," ಎಂದು ಭಾವ ಗುಡುಗಿದರು. "ಇಲ್ಲಾಂದ್ರೆ ಎಲ್ಲಾ ಚರಂಡಿಗೆ!"

ಮೀನು ಸಾಕುವವರ ಸಂಘಕ್ಕೆ ಸೇರಿದ ಹಳೆಯ ಷೆಡ್ಡೊಂದು ಖಾಲಿ ಬಿದ್ದಿತ್ತು. ಅಕ್ಕ ಹೋಗಿ ಕೇಳಿದಳು. ಅಧ್ಯಕ್ಷರು ತಮ್ಮ ಮೀಸೆಯನ್ನೂ ಸಂಘದ ಆಸ್ತಿಯಂತೆ ಕಾಪಾಡುವವರು. ಅದನ್ನು ನೀವಿಕೊಂಡು, "ಮೊದಲು ಮೀನು ತಿನ್ನಲಮ್ಮಾ. ಕಣ್ಣಾರೆ ನೋಡಿದ್ಮೇಲೆ ಷೆಡ್ಡಿನ ಮಾತು," ಎಂದರು.

ಅಕ್ಕ ಮರಿಗಳನ್ನು ಒಣಗಿಸಿ, ಎಣ್ಣೆ ಹಿಂಡಿ ತೆಗೆದು, ಪುಡಿ ಮಾಡಿ, ಸೋಯಾ ಹಿಂಡಿಯನ್ನೂ ತೌಡನ್ನೂ ಸೇರಿಸಿ ಕಾಳಿನಷ್ಟು ಸಣ್ಣ ಉಂಡೆಗಳಾಗಿ ಒತ್ತಿದಳು. ಟಬ್ಬಿನಲ್ಲಿಟ್ಟ ಎರಡು ಮೀನುಗಳು ತಿಂದಿದ್ದವು. ಇಡೀ ಕೊಳದ ಅಭಿಪ್ರಾಯ ಇನ್ನೂ ತಿಳಿದಿರಲಿಲ್ಲ.

ಪರೀಕ್ಷೆಯ ದಿನ ಅಧ್ಯಕ್ಷರು ಮೂವರು ಸದಸ್ಯರೊಂದಿಗೆ ಬಂದು ಕೊಳದ ಅಂಚಿಗೆ ನಿಂತರು. ಅಕ್ಕ ಒಂದು ಹಿಡಿ ಎರಚಿದಳು. ಕಾಳುಗಳು ನೆಮ್ಮದಿಯಾಗಿ ಮುಳುಗಿದವು. ಇನ್ನೊಂದು ಹಿಡಿ ಹಾಕಿದಳು. ಒಂದು ಮೀನು ಮೇಲೆ ಬಂದು, ನಮ್ಮೆಲ್ಲರನ್ನೂ ನೋಡಿ, ಬಾಲ ತಿರುಗಿಸಿ ಹೋಯಿತು.

"ಬಿಡಮ್ಮಾ, ಮೀನಿಗೂ ನಾಲಿಗೆ ಇದೆ," ಎಂದು ಅಧ್ಯಕ್ಷರು ಹೊರಟರು. ಅಕ್ಕನ ಕೈ ಬಕೆಟ್ಟಿನಲ್ಲೇ ಉಳಿಯಿತು.

"ನಿಲ್ಲಿ! ನಿಲ್ಲೀಂದ್ರೆ!" ಕೂಗಿದವರು ಭಾವ. "ಅವಕ್ಕೆ ಹಸಿವಿಲ್ಲ. ಬೆಳಗ್ಗೆ ನಾನೇ ಹಾಕಿದೀನಿ!"

"ಏನು ಹಾಕಿದ್ರಿ?" ಎಂದಳು ಅಕ್ಕ.

"ಇದನ್ನೇ ಕಣೇ, ನಿನ್ನ ಹುಳದ್ದೇ. ತಿನ್ನದೇ ಹೋದ್ರೆ ಷೆಡ್ಡು ಸಿಗಲ್ಲ, ಹುಳ ನನ್ನ ತಲೆ ಮೇಲೇ ಉಳಿಯುತ್ತೆ ಅಂತ ಭಯ ಆಯ್ತು. ಒಂದು ಹಿಡಿ ಹಾಕಿ ನೋಡೋಣ ಅಂದ್ಕೊಂಡೆ. ಮುಗಿಬಿದ್ದವು! ಖುಷಿಯಾಗಿ ಇನ್ನೊಂದು ಹಿಡಿ, ಮತ್ತೊಂದು... ಅರ್ಧ ಬಕೆಟ್ಟು ಹೋಯ್ತು."

"ಅಯ್ಯೋ ನಿಮ್ಮ!" ಎಂದ ಅಕ್ಕನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ.

ಅಧ್ಯಕ್ಷರು ನಂಬಲಿಲ್ಲ. "ಹೆಂಡತಿ ಪರವಾಗಿ ಯಾರು ಬೇಕಾದ್ರೂ ಹೀಗೆ ಹೇಳ್ತಾರೆ. ಸರಿ, ಸಂಜೆವರೆಗೆ ನಾನಿಲ್ಲೇ ಕೂರ್ತೀನಿ. ಯಾರೂ ನೀರಿಗೆ ಏನೂ ಹಾಕೋ ಹಾಗಿಲ್ಲ," ಎಂದು ಕುರ್ಚಿ ತರಿಸಿಕೊಂಡು ಕೊಳಕ್ಕೆ ಕಾವಲು ಕೂತರು. ಕಾಯುವ ಹೊತ್ತಿನಲ್ಲಿ ಭಾವ ಸದಸ್ಯರಿಬ್ಬರ ಪ್ಯಾಂಟಿನ ಅಳತೆ ತೆಗೆದುಕೊಂಡರು. ನಾನು ಎಲ್ಲರಿಗೂ ಚಹಾ ಕೊಡುವ ನೆಪದಲ್ಲಿ ಅಧ್ಯಕ್ಷರದ್ದನ್ನು ಎರಡು ಸಲ ಚೆಲ್ಲಿದೆ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಅಕ್ಕ ಎದ್ದಳು. ಕಾಳು ನೀರಿಗೆ ಬಿತ್ತು.

ಕೊಳ ಸಿಡಿಯಿತು! ಒಂದರ ಮೇಲೊಂದು ಬಿದ್ದು, ಬಾಯಿ ತೆರೆದು, ಬಾಲ ಬಡಿದು ಮೀನುಗಳು ನೀರನ್ನೇ ಕುದಿಸಿಬಿಟ್ಟವು. ಅಧ್ಯಕ್ಷರ ಮೀಸೆಯಿಂದ ನೀರು ತೊಟ್ಟಿಕ್ಕಿತು. ಅವರು ಒರೆಸಿಕೊಳ್ಳಲೂ ಇಲ್ಲ.

"ಕೊಡಮ್ಮಾ ಇಲ್ಲಿ!" ಎಂದು ಬಕೆಟ್ಟಿಗೇ ಕೈ ಹಾಕಿದರು. ಒಬ್ಬ ಸದಸ್ಯರು, "ನನಗೂ ಒಂದು ಹಿಡಿ ಸ್ವಾಮಿ, ನೀವೇ ಎಲ್ಲಾ ಹಾಕ್ಬೇಡಿ!" ಎಂದು ಮೊಣಕೈಯಲ್ಲಿ ತಿವಿದರು. ಸಂಘದ ಸಭೆಗಳಲ್ಲಿ ತೂಕಡಿಸುವ ಗಂಡಸರು ಅಂಚಿನಲ್ಲಿ ಕುಣಿದಾಡಿದರು. ಅವರ ನಡುವೆ ನಾನೂ ಇದ್ದೆ, ಒಂದು ಕಾಲು ಕೊಳದೊಳಗೆ.

"ಷೆಡ್ಡಿನ ಬೀಗದ ಕೈ ನಾಳೆ ಕಳಿಸ್ತೀನಿ," ಎಂದರು ಅಧ್ಯಕ್ಷರು ಏದುಸಿರು ಬಿಡುತ್ತ.

"ಬಕೆಟ್ಟು ಖಾಲಿ ಮಾಡಿದ್ದು ನೀವು. ನಾಳೆ ಇವಕ್ಕೆ ನಾನೇನು ಹಾಕ್ಲಿ? ಇವತ್ತೇ ಕೊಡಿ," ಎಂದಳು ಅಕ್ಕ, ಕೈ ಚಾಚಿ.

ಚಾಚಿದ ಕೈಗೆ ಬೀಗದ ಕೈ ಸಿಕ್ಕಿತು. ನಾವೆಲ್ಲ ಬೀದಿಗಿಳಿದಾಗ ಭಾವ ಹುಳುವಿನ ಮೊದಲ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ಹೊರಟಿದ್ದರು. ತಿರುವಿನಲ್ಲಿ ನಿಂತು ಅಕ್ಕನನ್ನು ಕೂಗಿದರು:

"ಲೇ, ಇವನ್ನ ಗಾಳಿ ಬರೋ ಕಡೆ ಇಡ್ಬೇಕಾ, ಮೂಲೇಲಾ?"