ಸೋಕಿಮ್ ಅಕ್ಕ ಓದಿ ಹೇಳಿದ ಕಥೆ

ಸೋಕಿಮ್ ಅಕ್ಕ ಕಥೆಗಳನ್ನು ಹೇಗೆ ಅಳೆಯುತ್ತಾಳೆ ಎನ್ನುವುದು ಬಹಳ ಕಾಲ ನನ್ನ ತಲೆ ಕೊರೆಯುತ್ತಿತ್ತು. ತೈನಾನ್ ಪೇಟೆಯ ಒಂದು ಸಣ್ಣ ಮಾಸಿಕದಲ್ಲಿ ನಾನು ಕರಡು ತಿದ್ದುವವಳು. ಪ್ರತಿ ಸಂಚಿಕೆಗೂ ಮೂರು ಕಥೆ ಬೇಕು: ಮಾಯಾಲೋಕದ್ದೊಂದು, ಪ್ರೇಮದ್ದೊಂದು, ಭಯದ್ದೊಂದು. ಅಂಚೆಯಲ್ಲಿ ಬಂದದ್ದನ್ನೆಲ್ಲ ಓದಿ ಆರಿಸುತ್ತಿದ್ದವಳು ಸೋಕಿಮ್ ಅಕ್ಕ. ಆನ್‌ಪಿಂಗ್ ಬಂದರಿನ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದವಳಿಗೆ ಈ ಕೆಲಸ ಕೊಟ್ಟವರು ನಮ್ಮ ಸಂಪಾದಕ ಲಿಯಾವ್. ಅವರು ಅದೇ ಅಂಗಡಿಯಿಂದ ಪ್ರೇಮಕಾದಂಬರಿಗಳನ್ನು ಹೆಂಡತಿಯ ಹೆಸರು ಹೇಳಿ ತಂದು ತಾವೇ ಓದುತ್ತಿದ್ದರೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕನ ಅಭಿಪ್ರಾಯವೆಂದರೆ ಹಸ್ತಪ್ರತಿಯ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಒಂದೇ ಸಾಲು. 'ರಾಜ್ಯ ದೊಡ್ಡದು, ಒಳಗೆ ಜನ ಇಲ್ಲ.' 'ಈ ಹುಡುಗ ಒಳ್ಳೆಯವನೆಂದು ಕಥೆಗಾರ ಹೇಳುತ್ತಾನೆ, ಹುಡುಗ ಹೇಳುತ್ತಿಲ್ಲ.' ಕಾರಣ ಕೇಳಿದರೆ ನಗುತ್ತಿದ್ದಳು. ಆದರೆ ಅವಳು ಆರಿಸಿದ್ದನ್ನು ಜನ ಓದುತ್ತಿದ್ದರು. ನನಗೋ ಇನ್ನೊಬ್ಬರ ಅಡುಗೆಮನೆಯಲ್ಲಿ ಇಣುಕುವ ಚಟ. ಒಂದು ದಿನ ಹಸ್ತಪ್ರತಿಗಳ ಕಟ್ಟನ್ನು ನಾನೇ ಕೊಟ್ಟು ಬರುತ್ತೇನೆಂದು ಹೊರಟೆ.

ಅಂಗಡಿಯ ಹಿತ್ತಿಲಲ್ಲಿ ಅವಳ ಅತ್ತೆ ಮಣೆಯ ಮೇಲೆ ಕೂತು ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸುತ್ತಿದ್ದಳು. ಕೇರಿಗೆಲ್ಲ ಅವಳು ಅಮಾ, ಅಜ್ಜಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಥೆಗಳು ಶಾಲೆಯ ಭಾಷೆಯಲ್ಲಿರುತ್ತಿದ್ದವು, ಅಮಾಗೆ ತಿಳಿಯುತ್ತಿದ್ದದ್ದು ಮನೆಮಾತು ಮಾತ್ರ. ಸೋಕಿಮ್ ಅಕ್ಕ ಹಾಳೆ ನೋಡುತ್ತ, ಕೂತಲ್ಲೇ ಅದನ್ನು ಮನೆಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಮನೆಮಾತಿಗೆ ಬಗ್ಗದ ವಾಕ್ಯವನ್ನು ಹಾರಿಸುತ್ತಿದ್ದಳು. ಹಾರಿಸಿ ಹಾರಿಸಿ ಕೈಯಲ್ಲಿ ಏನೂ ಉಳಿಯದಿದ್ದರೆ ಆ ಕಥೆ ಬುಟ್ಟಿಗೆ.

ಉಳಿದ ಪರೀಕ್ಷೆ ಅಮಾಳ ಕೈಯಲ್ಲಿತ್ತು. ಪ್ರೇಮಕಥೆ ಹಿಡಿಸಿದರೆ ಚಾಕು ಸರಸರ ಓಡುತ್ತಿತ್ತು. ಮಾಯಾಲೋಕದ್ದು ಹಿಡಿಸಿದರೆ ಕೈ ನಿಧಾನವಾಗಿ, ಪ್ರಶ್ನೆ ಶುರುವಾಗುತ್ತಿತ್ತು: ಹಾರುವ ಕುದುರೆಗೆ ಲಾಳ ಹೊಡೆಯುವವನು ಯಾರು, ಅವನೂ ಹಾರುತ್ತಾನೋ? ಭಯದ ಕಥೆ ನಿಜಕ್ಕೂ ತಾಗಿದರೆ ಚಾಕು ನಿಂತುಬಿಡುತ್ತಿತ್ತು. ಇದನ್ನು ಕಂಡು ನಾನು ಬಾಯಿ ಬಿಟ್ಟುಕೊಂಡು ಕೂತೆ. ಲಿಯಾವ್ ಕಿವಿಗೆ ಹಾಕಬೇಡವೆಂದು ಅಕ್ಕ ಆಣೆ ಹಾಕಿಸಿಕೊಂಡಳು, ಅವರು ಕೂಲಿಯನ್ನು ಅಮಾಗೇ ಕೊಟ್ಟಾರು ಎಂದು ನಕ್ಕಳು.

ಆ ವರ್ಷ ಏಳನೆಯ ತಿಂಗಳ ವಿಶೇಷಾಂಕ ಹತ್ತಿರ ಬಂದಿತ್ತು. ಆ ತಿಂಗಳು ಸತ್ತವರ ಲೋಕದಿಂದ ಬಂದು ತಿರುಗಾಡುವವರ ಹೆಸರನ್ನು ನಾವು ಬಾಯಲ್ಲಿ ಎತ್ತುವುದಿಲ್ಲ, 'ಒಳ್ಳೆಯ ಅಣ್ಣಂದಿರು' ಎನ್ನುತ್ತೇವೆ. ಹೆಸರು ಎತ್ತಬಾರದ ತಿಂಗಳಲ್ಲೇ ಭಯದ ಕಥೆಗೆ ಜನ ಮುಗಿಬೀಳುವುದು. ಹಿಂದಿನ ವರ್ಷ ಅಕ್ಕ ಆರಿಸಿದ ಕಥೆ ಓದಿ ಓದುಗರು ನಕ್ಕಿದ್ದರು. ಈ ಸಲವೂ ಹಾಗಾದರೆ ಕಾಲೇಜಿನ ಒಬ್ಬ ಮೇಷ್ಟ್ರಿಗೆ ಕೆಲಸ ಒಪ್ಪಿಸುವುದಾಗಿ ಲಿಯಾವ್ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಅಕ್ಕನಿಗೆ ಈ ಓದು ಜೀವ. ಅಂಗಡಿಯ ಪುಸ್ತಕಗಳನ್ನು ಜಗತ್ತೆಲ್ಲ ಓದಿಯಾಗಿರುತ್ತದೆ, ಇವನ್ನು ಮೊದಲು ಓದುವವಳು ತಾನೇ ಎಂದು ಒಮ್ಮೆ ನನ್ನೊಡನೆ ಹೇಳಿಕೊಂಡಿದ್ದಳು. ಅದು ಕೈ ತಪ್ಪಬಾರದೆಂದು ನನಗೂ ಇತ್ತು.

ಆ ಸಲದ ಕಟ್ಟನ್ನೂ ನಾನೇ ಒಯ್ದು ಹಿತ್ತಿಲಲ್ಲಿ ಅವರ ಜೊತೆ ಕೂತೆ. ಬಂದ ಕಥೆಗಳೋ ಒಂದಕ್ಕಿಂತ ಒಂದು ಸಪ್ಪೆ. ಶಾಲೆಯ ಬಚ್ಚಲಲ್ಲಿ ಕೂದಲು ಕೆದರಿಕೊಂಡು ಅಳುವವಳ ಕಥೆ ಕೇಳಿ, ಆ ಕೂದಲಿಗೆ ಯಾರಾದರೂ ಎಣ್ಣೆ ಹಚ್ಚಬಾರದೇ ಎಂದಳು ಅಮಾ. ರಕ್ತ ಕುಡಿಯುವವನ ಕಥೆಗೆ ಆಕಳಿಸಿದಳು. ಚಾಕು ನಿಲ್ಲಲೇ ಇಲ್ಲ.

ಕಟ್ಟಿನ ತಳದಲ್ಲಿದ್ದದ್ದು ಹೀಗಿತ್ತು. ಕಡಲಿಗೆ ಹೋದ ಗಂಡ ಮರಳಿಲ್ಲ, ಹೆಣವೂ ಸಿಕ್ಕಿಲ್ಲ. ಏಳನೆಯ ತಿಂಗಳ ಹುಣ್ಣಿಮೆಗೆ ಹೆಂಡತಿ ಎಲ್ಲರಂತೆ ಬಾಗಿಲಾಚೆ ಮೇಜು ಹಾಕಿ, ಒಳ್ಳೆಯ ಅಣ್ಣಂದಿರಿಗೆ ಅನ್ನ, ಮೀನು, ಮುಖ ತೊಳೆಯಲು ನೀರು, ಟವೆಲು ಇಡುತ್ತಾಳೆ. ಮನೆಯ ಹಿರಿಯರಿಗೆ ಊಟ ಒಳಗೆ, ದಿಕ್ಕಿಲ್ಲದವರಿಗೆ ಹೊರಗೆ. ಹೊರಗಿನವರನ್ನು ಒಳಗೆ ಕರೆಯುವಂತಿಲ್ಲ. ಕಿಟಕಿಯಿಂದ ನೋಡಿದರೆ ಉಣ್ಣಲು ಬಂದವರ ಗುಂಪಿನಲ್ಲಿ ಅವಳ ಗಂಡ. ಅವನು ಮುಖ ತೊಳೆದು, ಒರೆಸಿಕೊಂಡು, ಅನ್ನ ಮುಟ್ಟದೆ ಬಾಗಿಲಿಗೆ ಬಂದು ಅವಳ ಹೆಸರು ಹಿಡಿದು ಕರೆಯುತ್ತಾನೆ.

ಅಮಾಳ ಗಂಡನೂ ಚಳಿಗಾಲದ ಮೀನಿಗೆ ಹೋಗಿ ಬಾರದವನು. ಆನ್‌ಪಿಂಗಿಗೆಲ್ಲ ಗೊತ್ತಿದ್ದ, ಆ ಮನೆಯಲ್ಲಿ ಮಾತ್ರ ಯಾರೂ ಎತ್ತದ ಮಾತು ಅದು. ಅಮಾ ಕೇಳುವಾಗಲೇ ತಾನೂ ಮೊದಲ ಸಲ ಓದಬೇಕೆನ್ನುವುದು ಸೋಕಿಮ್ ಅಕ್ಕನ ಹಟವಾಗಿದ್ದರಿಂದ, ಕಥೆ ಎಲ್ಲಿಗೆ ಹೊರಟಿದೆಯೆಂದು ಅವಳಿಗೆ ಹೊಳೆದದ್ದು ಅರ್ಧ ದಾರಿಯಲ್ಲಿ. ಅವಳ ದನಿ ಕುಗ್ಗಿತು. ನಿಲ್ಲಿಸಲೇ ಎಂದು ಕೇಳಿದಳು. ಓದು ಎಂದಳು ಅಮಾ. ಚಾಕು ನಿಂತಿತ್ತು.

ಹೆಂಡತಿ ಅಗುಳಿ ಹಾಕುತ್ತಾಳೆ. ಬೆಳಗಾಗುವ ತನಕ ಬಾಗಿಲಾಚೆ ನೀರು ತೊಟ್ಟಿಕ್ಕುವ ಸದ್ದು. ಕಥೆ ಅಲ್ಲಿಗೆ ಮುಗಿಯಿತು. ನನ್ನ ಮೈ ಜುಮ್ಮೆಂದಿತ್ತು. ಭಯಕ್ಕಿಂತ ಹೆಚ್ಚಾಗಿ ಖುಷಿ ನನಗೆ: ಇದೇ ಆ ಕಥೆ, ಅಕ್ಕ ಗೆದ್ದಳು.

"ಬಾಗ್ಲು ತೆಗೀಲಿಲ್ವಾ ಅವ್ಳು?" ಎಂದಳು ಅಮಾ.

"ಇಲ್ಲ ಅತ್ತೆ. ಹೊರಗಿನೋರಿಗೆ ತೆಗೀಬಾರ್ದಲ್ಲ."

"ಹೊರಗಿನೋನಾ ಅವ್ನು?" ಅಮಾ ಕೈಯಲ್ಲಿದ್ದ ಸಿಂಪಿಯನ್ನು ಕೆಳಗಿಟ್ಟಳು. "ನಾನಾಗಿದ್ರೆ ತೆಗೀತಿದ್ದೆ ಕಣೇ. ಅಷ್ಟು ದೂರದಿಂದ ನೆಂದ್ಕೊಂಡು ಬಂದವ್ನೆ."

ಸೋಕಿಮ್ ಅಕ್ಕ ಹಾಳೆಗಳನ್ನು ಜೋಡಿಸಿಕೊಂಡಳು. ಆಮೇಲೆ ಪೆನ್ಸಿಲು ತೆಗೆದು ನೆತ್ತಿಯ ಮೇಲೆ ಬರೆದಳು: 'ಇದು ಪ್ರೇಮಕಥೆ. ಮುಗಿಸಲು ಕಥೆಗಾರನಿಗೆ ಧೈರ್ಯ ಸಾಲಲಿಲ್ಲ.' ನಾನು ಹಣೆ ಚಚ್ಚಿಕೊಂಡೆ. ಭಯದ್ದು ಎಂದು ಒಂದು ಪದ ಬರೆದಿದ್ದರೆ ಸಾಕಿತ್ತು, ಯಾರಪ್ಪನ ಗಂಟು ಹೋಗುತ್ತಿತ್ತು? ದಾರಿಯಲ್ಲಿ ಆ ಸಾಲನ್ನು ನಾನೇ ಅಳಿಸಿಬಿಡಲೇ ಎಂದೂ ಯೋಚಿಸಿದೆ. ಅಳಿಸಲಿಲ್ಲ.

ಲಿಯಾವ್ ಕಥೆ ಓದಿ ಕುರ್ಚಿ ಎಳೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತರು. ಹೆದರಿದ್ದರು ಪಾಪ. ಅಕ್ಕನ ಸಾಲು ಕಂಡದ್ದೇ ಸಿಟ್ಟು ನೆತ್ತಿಗೇರಿತು. ಮರುದಿನ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋಗಿ, ಹೆಣ ಬಂದು ಬಾಗಿಲು ಬಡಿಯುವುದನ್ನು ಪ್ರೇಮದ ಪುಟದಲ್ಲಿ ಹಾಕಿದರೆ ಓದುಗರು ಕಚೇರಿಯ ಬಾಗಿಲು ಬಡಿಯುತ್ತಾರೆ ಎಂದು ಕೂಗಾಡಿದರು. ಅಕ್ಕ ಜಗ್ಗಲಿಲ್ಲ.

"ಭಯದ ಪುಟಕ್ಕೇ ಹಾಕ್ಕೊಳ್ಳಿ ಸಾರ್, ಪತ್ರಿಕೆ ನಿಮ್ದು. ಆದ್ರೆ ಅದನ್ನ ಆರಿಸಿದ್ದು ನಾನು ಅಂತ ಹೇಳ್ಬೇಡಿ."

"ಹಾಗಾದ್ರೆ ನಾಳೆಯಿಂದ ನೀವು ಓದೋದೂ ಬೇಡ."

"ಆಯ್ತು" ಎಂದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಕಥೆ ಭಯದ ಪುಟದಲ್ಲೇ ಬಂತು. ಸಂಚಿಕೆ ಬಿಸಿಬಿಸಿಯಾಗಿ ಖರ್ಚಾಯಿತು. ಕಾಲೇಜಿನ ಮೇಷ್ಟ್ರು ಬಂದರು. ಕೆಟ್ಟ ಓದುಗರೇನಲ್ಲ, ಅವರ ಆಯ್ಕೆಗಳನ್ನೂ ಜನ ಓದುತ್ತಾರೆ. ನನಗೆ ಹೊಟ್ಟೆಯುರಿಯುವುದು ಅದಕ್ಕೇ. ಅವರು ಎರಡು ಪುಟ ಅಭಿಪ್ರಾಯ ಬರೆಯುತ್ತಾರೆ. ನಾನು ಅದರಲ್ಲಿ ಅಕ್ಷರದೋಷ ಹುಡುಕುತ್ತೇನೆ, ಸಿಗುವುದಿಲ್ಲ.

ಆ ಏಳನೆಯ ತಿಂಗಳ ಹುಣ್ಣಿಮೆಯ ಮಧ್ಯಾಹ್ನ ವಿಶೇಷಾಂಕದ ಒಂದು ಪ್ರತಿ ಹಿಡಿದುಕೊಂಡು ಆನ್‌ಪಿಂಗಿಗೆ ಹೋದೆ. ಬೀದಿಯಲ್ಲಿ ಮನೆಮನೆಯ ಮುಂದೆ ಮೇಜು. ಒಳಗೆ ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಹಸ್ತಪ್ರತಿಗಳ ಕಟ್ಟಿಲ್ಲದ ಅವಳ ಕೈ ನೋಡಲು ನನಗೆ ಸಂಕಟವಾಯಿತು. ಅಮಾ ಸಂಚಿಕೆಯನ್ನು ನೋಡಿದ್ದೇ, ಆವತ್ತಿನ ಕಥೆ ಇನ್ನೊಮ್ಮೆ ಹೇಳು ಎಂದಳು. ಅಕ್ಕ ಪುಟ ತೆರೆದಳು. ಆ ಕಥೆಯ ಕರಡನ್ನು ತಿದ್ದಿದವಳು ನಾನು, ಅದರ ಚುಕ್ಕೆ ಚುಕ್ಕೆಯೂ ನನಗೆ ಬಾಯಿಪಾಠ. ಅನ್ನ, ಮೀನು, ನೀರು, ಟವೆಲು, ಎಲ್ಲ ಅಚ್ಚಿನಲ್ಲಿದ್ದಂತೆಯೇ ಬಂತು. ಗಂಡ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದ. ಅಕ್ಕ ಪುಟದಿಂದ ಕಣ್ಣೆತ್ತಲಿಲ್ಲ, ದನಿಯನ್ನೂ ಬದಲಿಸಲಿಲ್ಲ.

"ಅವ್ಳು ಹೋಗಿ ಬಾಗ್ಲು ತೆಗೆದ್ಲು."

ಅಮಾ ತಲೆಯಾಡಿಸಿದಳು. "ಊಟ ಮಾಡಿದ್ನಾ?"

"ಮಾಡ್ದ ಅತ್ತೆ. ಒಳಗೆ ಕೂತ್ಕೊಂಡು, ಎರಡು ಸಲ ಹಾಕಿಸ್ಕೊಂಡು ಉಂಡ."