ಶೇವಿಂಗಿಗೆ ಒಂದು ಕಂತು

ಗಂಟಲ ಮೇಲೆ ಕತ್ತಿ ಹಿಡಿದುಕೊಂಡು ಯಾರಾದರೂ ಕತೆ ಹೇಳಿದರೆ ಕೇಳುವವನು ನಡುವೆ ಎದ್ದು ಹೋಗುವುದಿಲ್ಲ. ಆಕಳಿಸುವ ಧೈರ್ಯವನ್ನೂ ಮಾಡುವುದಿಲ್ಲ. ಹೊನ್ನಾಳಿಯ ಕಟಿಂಗ್ ಶಾಪಿನ ಹಾಲೇಶಣ್ಣ ಇಷ್ಟು ವರ್ಷ ಕತೆ ಹೇಳಿಕೊಂಡು ಬಂದದ್ದು ಈ ಒಂದು ಅನುಕೂಲದ ಮೇಲೆ. ಎರಡು ಬೆರಳಿನಿಂದ ಗಿರಾಕಿಯ ಗದ್ದ ಎತ್ತಿ ಹಿಡಿದು, ಕತ್ತಿಯನ್ನು ಗಂಟಲ ಗುಳ್ಳೆಯ ಹತ್ತಿರ ತಂದು ನಿಲ್ಲಿಸಿ, "ಆ ಎಂಟು ಕಾಲಿನ ಪ್ರಾಣಿ ಒಂದು ಕಾಲು ತಂದು ಟೆಡ್ಡಪ್ಪನ ಕುತ್ತಿಗೆಗೆ ಸುತ್ತೈತೆ. ಇನ್ನೊಂದು ಕಾಲು ಚಾಕು ಹಿಡಿದ ಕೈಗೆ ಬಂತು. ನೀರಿನ ತಳ, ಕೂಗಿದ್ರೆ ಕೇಳೋರಿಲ್ಲ" ಎನ್ನುತ್ತಿದ್ದರು. ಕುರ್ಚಿಯ ಮೇಲಿದ್ದವನು ಉಸಿರು ಬಿಗಿಹಿಡಿದು ಕಣ್ಣು ಮೇಲೆ ಮಾಡುತ್ತಿದ್ದ. ಹಾಲೇಶಣ್ಣ ಸರಕ್ಕನೆ ಒಂದು ಗೀರು ಎಳೆದು, ಕತ್ತಿಯ ನೊರೆ ಒರೆಸಿ, "ಮುಂದಿನ ವಾರ" ಎಂದು ಟವೆಲ್ ಕೊಡವುತ್ತಿದ್ದರು.

ಮುಂದಿನ ವಾರ ಎಂದರೆ ಮುಂದಿನ ವಾರವೇ. ಮದುವೆ ಇದೆ, ನಾಳೆ ಮತ್ತೆ ಬರುತ್ತೇನೆ ಎಂದು ಯಾರಾದರೂ ಹಲ್ಲು ಗಿಂಜಿದರೆ ಶೇವಿಂಗು ಸಿಗುತ್ತಿತ್ತು, ಕತೆ ಸಿಗುತ್ತಿರಲಿಲ್ಲ.

ಕತೆಗಳೆಲ್ಲ ಇಂಗ್ಲೆಂಡಿನವು. ಅಲ್ಲಿ ಒಂದು ಕಾಲದಲ್ಲಿ ಹುಡುಗರಿಗೆಂದು ವಾರಕ್ಕೊಂದು ಚಿತ್ರಕತೆಯ ಪತ್ರಿಕೆ ಬರುತ್ತಿತ್ತಂತೆ. ಒಂದಲ್ಲ, ಹತ್ತಾರು. ತೆಳ್ಳನೆಯ ಒರಟು ಕಾಗದ, ಒಂದೊಂದು ಕತೆಗೆ ಎರಡೋ ಮೂರೋ ಪುಟ, ಪುಟದ ತುದಿಗೆ ನಾಯಕನ ಪ್ರಾಣ ನೇತಾಡುತ್ತಿರಬೇಕು, ಅಲ್ಲಿಗೆ ನಿಲ್ಲಬೇಕು. ಜಗಳೂರಿನಿಂದ ಹುಡುಗನಾಗಿ ದಾವಣಗೆರೆಗೆ ಬಂದು ಹಾಲೇಶಣ್ಣ ಕೆಲಸ ಕಲಿತ ಸೆಲೂನಿನಲ್ಲಿ, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಅಂಥವುಗಳ ರಾಶಿ ಇತ್ತು. ಆ ಸೆಲೂನಿನ ಯಜಮಾನ ರದ್ದಿ ಅಂಗಡಿಯಿಂದ ಆರಿಸಿ ತರುತ್ತಿದ್ದ. ಕತ್ತಿ ಮಸೆಯುತ್ತಾ ಅರ್ಥ ಹೇಳುತ್ತಿದ್ದ. ಅವನು ಅಂಗಡಿ ಮುಚ್ಚಿದಾಗ ಹಾಲೇಶಣ್ಣ ಒಂದು ಕುರ್ಚಿಯನ್ನೂ ಆ ಪುಸ್ತಕಗಳನ್ನು ತುಂಬಿದ ಟ್ರಂಕನ್ನೂ ಲಾರಿಗೆ ಹಾಕಿಕೊಂಡು ಹೊನ್ನಾಳಿಗೆ ಬಂದರು. ಕುರ್ಚಿಯ ರೆಕ್ಸಿನ್ ಆಮೇಲೆ ಎಷ್ಟೋ ಸಲ ಬದಲಾಯಿತು. ಟ್ರಂಕಿಗೆ ಮಾತ್ರ ಬೇವಿನ ಎಲೆ, ನುಸಿಗುಳಿಗೆ, ವರ್ಷಕ್ಕೊಮ್ಮೆ ಬಿಸಿಲು ತಪ್ಪಲಿಲ್ಲ.

ಸಮುದ್ರವನ್ನು ಅವರು ನೋಡಿರಲಿಲ್ಲ. ಆದರೆ ಅವರ ನಾಯಕ ಟೆಡ್ ವಿಕಮ್ ಸಮುದ್ರದ ತಳಕ್ಕಿಳಿದು ಮುಳುಗಿದ ಹಡಗುಗಳಲ್ಲಿ ಹುಡುಕಾಡುವವನು. ತಲೆಗೆ ಕಬ್ಬಿಣದ ಟೋಪಿ, ಟೋಪಿಯಿಂದ ಮೇಲಿನ ದೋಣಿಯವರೆಗೆ ಗಾಳಿಯ ಪೈಪು. ನಮ್ಮವರ ಬಾಯಲ್ಲಿ ಅವನು ಟೆಡ್ಡಪ್ಪ ಆದ. ಸಮುದ್ರ ಹೆಂಗಿರ್ತದೆ ಎಂದು ಕೇಳಿದವರಿಗೆ ಹಾಲೇಶಣ್ಣನ ಉತ್ತರ ಸಿದ್ಧವಿತ್ತು: "ಹೊಳೆ ತುಂಬಿದಾಗ ದಂಡಿ ಮ್ಯಾಲೆ ನಿಂತ್ಕ. ಆ ಕಡೆ ದಂಡಿ ಅಳಿಸಿಬಿಡು. ಅಷ್ಟೇ ಸಮುದ್ರ."

ಹೇಳುವುದಷ್ಟೇ ಆಗಿದ್ದರೆ ಕೇಳಿ ಮರೆಯಬಹುದಿತ್ತು. ಅಲೆ ಎದ್ದರೆ ತಲೆಗೆ ಹೊಡೆಯುವ ನೀರಿನ ಸ್ಪ್ರೇ ನಮ್ಮ ಮುಖಕ್ಕೇ ಬೀಳುತ್ತಿತ್ತು. ಹಡಗು ಮುಳುಗಿದರೆ ಕುರ್ಚಿಯ ಹಿಡಿ ಎಳೆದು ನಮ್ಮನ್ನು ಧಡಕ್ಕನೆ ಹಿಂದಕ್ಕೆ ಮಲಗಿಸುತ್ತಿದ್ದರು. ಇನ್ನೊಂದು ಕತೆಯಲ್ಲಿ ಮರುಭೂಮಿಯ ಲಾರಿ ಡ್ರೈವರ್ ಒಬ್ಬನಿದ್ದ; ಅವನ ಬಿರುಗಾಳಿಗೆ ಕುತ್ತಿಗೆಯ ಪೌಡರನ್ನೆಲ್ಲ ಖರ್ಚು ಮಾಡಿ, ಮನೆಗೆ ಹೋದರೆ ನಮ್ಮವ್ವ ಯಾವ ನಾಟಕಕ್ಕೆ ಹೋಗಿದ್ದೆಯೋ ಎಂದು ಕೇಳುವ ಹಾಗೆ ಮಾಡಿ ಕಳಿಸುತ್ತಿದ್ದರು. ಆ ಪುಸ್ತಕಗಳಲ್ಲಿ ಸಾಯುವವರೆಲ್ಲ "ಆರ್ಘ್" ಎಂದೇ ಸಾಯುತ್ತಾರಂತೆ. "ಜರ್ಮನಿಯೋನು, ಜಪಾನಿನೋನು, ಕಡಲುಗಳ್ಳ, ಯಾರೇ ಇರ್ಲಿ ಮಂಜ, ಹೋಗೋವಾಗ ಎಲ್ಲರದೂ ಒಂದೇ ಭಾಷೆ" ಎಂದಿದ್ದರು ಒಮ್ಮೆ.

ಮಂಜ ಎಂದರೆ ನಾನು. ಅವರ ಅಂಗಡಿಯ ಎದುರಿನ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುವವನು. ಗುಳ್ಳೆ ಉಳಿಯದ ಹಾಗೆ ಅಂಟಿಸಲು ಇನ್ನೂ ಬಂದಿಲ್ಲ. ನನಗೆ ಬರುವುದು ಒಂದೇ ವಿದ್ಯೆ, ಬೇರೆಯವರ ದನಿ ಮಾಡುವುದು. ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗ ಶಿವಮೊಗ್ಗ ಎಂದು ಕೂಗುವವನಿಂದ ಹಿಡಿದು ನಮ್ಮಪ್ಪನ ಗೊರಕೆಯವರೆಗೆ ಯಾರನ್ನೂ ಬಿಟ್ಟಿಲ್ಲ. ನ್ಯಾಮತಿಯ ಮದುವೆ, ಚನ್ನಗಿರಿಯ ಗಣಪತಿ ಪೆಂಡಾಲು ಎಂದು ಕರೆದಲ್ಲಿಗೆ ಹೋಗಿ ದನಿ ಮಾರಿ ಊಟ ಮಾಡಿ ಬರುತ್ತೇನೆ. ಇದರ ಫಲವಾಗಿ ನನ್ನ ಸ್ವಂತ ದನಿಯೇ ಯಾರಿಗೂ ನೆನಪಿರುವುದಿಲ್ಲ. ಫೋನ್ ಮಾಡಿದರೆ ನಮ್ಮಪ್ಪ ಈಗಲೂ "ಯಾರು ಮಾತಾಡೋದು?" ಎನ್ನುತ್ತಾರೆ.

ಹಾಲೇಶಣ್ಣನ ದನಿ ನನಗೆ ಬೇಗ ಹತ್ತಿತು. ಸ್ವಲ್ಪ ಮೂಗಿನಲ್ಲಿ ಹೊರಟು, ಎದೆಗೆ ಇಳಿದು, ಮಾತಿನ ಕೊನೆಗೆ ಬಂದಾಗ ಬಾವಿಗೆ ಬಿಟ್ಟ ಕೊಡದಂತೆ ತಳ ಮುಟ್ಟುವ ದನಿ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದಾಗ ಬೆಂಚಿನವರ ಮುಂದೆ ಟವೆಲ್ ಕೊಡವಿ "ಮುಂದಿನ ವಾರ" ಎಂದೆ. ಎಲ್ಲರೂ ನಗುತ್ತಿದ್ದವರು ಒಮ್ಮೆಗೇ ಸುಮ್ಮನಾದರು. ಬಾಗಿಲಲ್ಲಿ ಹಾಲೇಶಣ್ಣ. ಬೈಯುತ್ತಾರೆಂದುಕೊಂಡೆ. ಅವರು ಕುರ್ಚಿಯಲ್ಲಿ ಕೂತು, "ಸರಿ ಇಲ್ಲಲೇ. ಅದನ್ನ ಅನ್ನೋಕೆ ಮುಂಚೆ ನಾನು ಒಂದು ಉಸಿರು ನಿಲ್ಲಿಸ್ತೀನಿ. ನೀನು ನಿಲ್ಲಿಸಲಿಲ್ಲ. ಇನ್ನೊಂದು ಸಲ ಮಾಡು" ಎಂದರು. ನಾನು ಮಾಡಿದೆ. ಅವರು ಕನ್ನಡಿಯಲ್ಲಿ ನೋಡುತ್ತಾ, ತಮ್ಮನ್ನೇ ಯಾರೋ ಕರೆದ ಹಾಗೆ, ಹೂಂ ಎಂದರು.

ಟೆಡ್ಡಪ್ಪನ ಕತೆಗೆ ಕೊನೆ ಇರಲಿಲ್ಲ. ಟ್ರಂಕಿನಲ್ಲಿದ್ದ ಕೊನೆಯ ಕಂತಿನಲ್ಲಿ ಅವನು ತಳದಲ್ಲಿರುವಾಗ, ಜೊತೆಗಾರನೇ ಮೇಲಿನ ದೋಣಿಯಲ್ಲಿ ಕೂತು ಗಾಳಿಯ ಪೈಪಿನ ಮೇಲೆ ಚಾಕು ಇಡುತ್ತಾನೆ. ಆ ಸಂಚಿಕೆಯ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ, ಓದುಗರಿಗೆಲ್ಲ ಸಂತೋಷದ ಸುದ್ದಿ ಎಂದು ಅಚ್ಚಾಗಿತ್ತು. ಸುದ್ದಿ ಏನೆಂದರೆ ಮುಂದಿನ ವಾರದಿಂದ ಈ ಪತ್ರಿಕೆ ಇನ್ನೊಂದು ಪತ್ರಿಕೆಯ ಜೊತೆ ಸೇರುತ್ತದೆ. ಅಂದರೆ ಪತ್ರಿಕೆ ನಿಂತಿತು ಎಂದರ್ಥ. ಇಂಗ್ಲೆಂಡಿನಲ್ಲಿ ಇದು ಪದ್ಧತಿಯಂತೆ. ಯಾವ ವಾರಪತ್ರಿಕೆಯೂ ಮುಚ್ಚಿದೆ ಎಂದು ಹೇಳಿಕೊಂಡು ಮುಚ್ಚುತ್ತಿರಲಿಲ್ಲ. "ಸತ್ತಿದ್ದಕ್ಕೆ ಲಗ್ನಪತ್ರಿಕೆ ಹೊಡೆಸೋ ಜನ" ಎಂದು ಹಾಲೇಶಣ್ಣ ಆ ಪುಟವನ್ನು ಎಲ್ಲರಿಗೂ ತೋರಿಸಿದ್ದರು. ಸೇರಿಕೊಂಡ ಆ ಇನ್ನೊಂದು ಪತ್ರಿಕೆ ಅವರ ಕೈಗೆ ಬರಲೇ ಇಲ್ಲ. ನನ್ನ ಮೊಬೈಲಿನಲ್ಲಿ ಹುಡುಕಿಸಿದರು. ಬೇರೆ ಬೇರೆ ಪತ್ರಿಕೆಗಳ ಮುಖಪುಟ ಸಿಕ್ಕವು, ಟೆಡ್ಡಪ್ಪ ಎಲ್ಲೂ ಇರಲಿಲ್ಲ. ಚಾಕುವಿನವರೆಗೆ ಬಂದ ಮೇಲೆ ಅವರು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅಡಿಕೆ ಮಂಡಿಯ ಗುಮಾಸ್ತ ಶಿವಮೂರ್ತಿಯಪ್ಪ, ಬೆಂಚಿನ ಹಿರಿಯ ಗಿರಾಕಿ, ಆ ಕತೆಯನ್ನು ಎಷ್ಟು ಸುತ್ತು ಕೇಳಿದ್ದರೋ. ಪೂರ್ತಿ ಬೋಳಾದ ಮೇಲೂ ಕಟಿಂಗಿಗೆ ಬರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಹಾಲೇಶಣ್ಣನ ದನಿ ಒಡೆಯಿತು. ಮೊದಲು ಧೂಳು ಎಂದರು. ಆಮೇಲೆ, ಇಷ್ಟು ವರ್ಷ ನಿಮ್ಮೆಲ್ಲರ ಕೂದಲು ನುಂಗಿದ್ದಕ್ಕೆ ಹಿಂಗಾಗೈತೆ ಎಂದರು. ಅದು ಬೆಂಚಿನವರಿಗೆ ನಗೆ. ನಾನಂತೂ ಆ ಒಡಕನ್ನೂ ಕಲಿತು ಮಾಡಿ ತೋರಿಸಿದೆ, ಅವರೇ ಮೊದಲು ನಕ್ಕರು. ಆಮೇಲೆ ದಾವಣಗೆರೆಯ ಆಸ್ಪತ್ರೆಗೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಕನ್ನಡಿಯ ಮೂಲೆಯಲ್ಲಿ ಒಂದು ರಟ್ಟು ಕಂಡಿತು. ಅವರದೇ ಕೈಬರಹ: ಗಿರಾಕಿಗಳಿಗೆಲ್ಲ ಸಂತೋಷದ ಸುದ್ದಿ, ಬರುವ ವಾರದಿಂದ ನಮ್ಮ ಅಂಗಡಿ ಪಕ್ಕದ ಬೀದಿಯ ಹುಡುಗರ ಸೆಲೂನಿನ ಜೊತೆ ಸೇರುತ್ತದೆ.

ಹೊಸಬರು ಓದಿ, ಒಳ್ಳೇದಾತು ಬಿಡ್ರಿ, ಅಲ್ಲಿ ಏಸಿ ಐತೆ ಎಂದರು. ಶಿವಮೂರ್ತಿಯಪ್ಪ ಓದಿದವರು ಬೆಂಚಿನ ಮೇಲೆ ಕೂರಲಿಲ್ಲ. ಟವೆಲ್ ಮಡಚುತ್ತಿದ್ದ ಹಾಲೇಶಣ್ಣನ ಹತ್ತಿರ ಹೋಗಿ ನಿಂತು, "ಏನಂದ್ರು ಡಾಕ್ಟ್ರು?" ಎಂದಷ್ಟೇ ಕೇಳಿದರು.

"ದನಿಪೆಟ್ಟಿಗೆ ತೆಗೀಬೇಕಂತೆ" ಎಂದರು ಹಾಲೇಶಣ್ಣ. "ತೆಗೆದ್ರೆ ಜೀವ ಉಳಿಯಬಹುದು, ಮಾತು ಇರಲ್ಲ. ಬುಧವಾರ ಬರಾಕೆ ಹೇಳ್ಯಾರೆ."

ಮಂಗಳವಾರ ನಮ್ಮ ಕಡೆ ಕಟಿಂಗ್ ಶಾಪು ತೆರೆಯುವುದಿಲ್ಲ. ಆ ಮಂಗಳವಾರ ತೆರೆದಿತ್ತು. ಕತ್ತಿ ಕತ್ತರಿ ಡ್ರಾಯರಿನಲ್ಲೇ ಇದ್ದವು. ಹಾಲೇಶಣ್ಣ ತಮ್ಮ ಕುರ್ಚಿಯಲ್ಲಿ ತಾವೇ ಕೂತರು, ನಾವು ಸುತ್ತ ನಿಂತೆವು. ದನಿ ಎಂಬುದು ಹರಿದ ಗೋಣಿಯ ಹಾಗಾಗಿತ್ತು, ಅದರಲ್ಲೇ ಟೆಡ್ಡಪ್ಪನನ್ನು ತಳಕ್ಕೆ ಇಳಿಸಿದರು. ಚಾಕುವಿನ ಹತ್ತಿರ ಬಂದು ನಿಂತರು.

"ಇವತ್ತಾದ್ರೂ ಹೇಳಿಬಿಡು ಹಾಲೇಶ" ಎಂದರು ಶಿವಮೂರ್ತಿಯಪ್ಪ. "ನೀನೇ ಏನಾದ್ರೂ ಕಟ್ಟಿ ಹೇಳು. ನಿನ್ನ ಬಾಯಾಗೆ ಕೇಳ್ಬೇಕು ನಾವು."

ಹಾಲೇಶಣ್ಣ ತಲೆ ಅಲ್ಲಾಡಿಸಿದರು. ಆಮೇಲೆ, "ನಾನು ಕಟ್ಟಿದ್ರೆ ಅದು ನನ್ನ ಕತೆ ಆಗ್ತೈತೆ ಶಿವಮೂರ್ತಣ್ಣ. ಅವನೇನೂ ಸತ್ತಿಲ್ಲ. ಬ್ಯಾರೆ ಪುಸ್ತಕದಾಗೆ ಬದುಕ್ಯಾನೆ. ಆ ಪುಸ್ತಕ ನಮಗೆ ಸಿಕ್ಕಿಲ್ಲ, ಅಷ್ಟೇ" ಎಂದರು. ಅವರ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಆಗಿ ಮನೆಗೆ ಬಂದಾಗ ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ತೆಳು ಬಿಳಿ ಬಟ್ಟೆ. ನೋಡಲು ಹೋದವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಾತು ತೋಚದಿದ್ದಾಗ ನಾನು ಯಾರದಾದರೂ ದನಿ ಮಾಡಿಬಿಡುತ್ತೇನೆ, ಅದು ನನ್ನ ಚಾಳಿ. ಅಂದು ಬಾಯಿಗೆ ಬಂದದ್ದು ಅವರದೇ ದನಿ. ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕೈ ಚಾಚಿ ನನ್ನ ತೋಳು ಹಿಡಿದು, ಇನ್ನೂ ಎಂಬಂತೆ ಅಲುಗಿಸಿದರು. ಹೆಂಡತಿ ಗಂಗಕ್ಕ ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆ ಹಿಡಿದು ನಿಂತರು.

ಅಲ್ಲಿಂದ ಪ್ರತಿ ಮಂಗಳವಾರ ನಾನು ಹೋಗುತ್ತಿದ್ದೆ. ಒಂದು ಕಂತು, ಅವರ ದನಿಯಲ್ಲಿ. ಅವರ ಕೈಯಲ್ಲಿ ಕತ್ತರಿ ಇರುತ್ತಿತ್ತು. ಸರಿ ಇದ್ದರೆ ಒಂದು ಸಲ ಕಚಕ್, ತಪ್ಪಿದರೆ ಎರಡು ಸಲ. ನನಗೆ ಬೀಳುತ್ತಿದ್ದುದು ಹೆಚ್ಚಾಗಿ ಎರಡೇ. ಅಲೆಗೆ ಸ್ಪ್ರೇ ಹೊಡೆಯುವುದನ್ನು ಮರೆತರೆ ತಾವೇ ಎತ್ತಿ ನನ್ನ ಮುಖಕ್ಕೆ ಹೊಡೆಯುತ್ತಿದ್ದರು. ಮಾತಿಲ್ಲದವನು ಮಾತಿರುವವನನ್ನು ಇಷ್ಟು ಬೈಯಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅವರ ದನಿಯನ್ನು ಹೊರಗೆ ಎಲ್ಲೂ ಮಾಡಲಿಲ್ಲ. ಗಣಪತಿ ಪೆಂಡಾಲಿನಲ್ಲಿ ಹುಡುಗರು ಕೂಗಿ ಕೇಳಿದರು. ಗಂಟಲು ಕೆಟ್ಟಿದೆ ಎಂದು ಹೇಳಿ, ಬದಲಿಗೆ ನಮ್ಮಪ್ಪನ ಗೊರಕೆ ಮಾಡಿ ಇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕೂರಲಾರದೆ ಮಲಗಿಯೇ ಕೇಳತೊಡಗಿದರು. ಕತ್ತರಿ ದಿಂಬಿನ ಪಕ್ಕದಲ್ಲಿರುತ್ತಿತ್ತು, ಎತ್ತುತ್ತಿರಲಿಲ್ಲ. ತಪ್ಪಿದರೆ ಹುಬ್ಬು ಸ್ವಲ್ಪ ಆಡುತ್ತಿತ್ತು. ಜೀವ ಉಳಿದೀತೆಂದು ತಮ್ಮ ಮಾತನ್ನೇ ಕೊಟ್ಟಿದ್ದರು, ಜೀವವೂ ಉಳಿಯುವ ಹಾಗಿರಲಿಲ್ಲ. ಒಂದು ಮಂಗಳವಾರ ಹೋದಾಗ ಮನೆಗೆ ಬೀಗವಿತ್ತು. ಪಕ್ಕದ ಮನೆಯವರು, ಬೆಳಗಿನ ಜಾವ ದಾವಣಗೆರೆಗೆ ಕರಕೊಂಡು ಹೋದ್ರಪ್ಪ ಎಂದರು. ಸಂಜೆಗೆ ಆಂಬುಲೆನ್ಸ್ ವಾಪಸು ಬಂತು.

ತಿಥಿ ಮುಗಿದ ಮೇಲೆ ಒಂದು ದಿನ ಗಂಗಕ್ಕ ಹೇಳಿ ಕಳಿಸಿದರು. ಟ್ರಂಕನ್ನು ನನಗೆ ಕೊಡಬೇಕೆಂದು ಹಾಲೇಶಣ್ಣ ಕೈಸನ್ನೆಯಲ್ಲೇ ಹೇಳಿದ್ದರಂತೆ. ಎತ್ತಿಕೊಂಡು ಹೊರಟವನನ್ನು ಗಂಗಕ್ಕ ನಿಲ್ಲಿಸಿ, ಕೂತ್ಕೋ ಎಂದರು. ತಾವೂ ಹೊಸ್ತಿಲ ಹತ್ತಿರ ಕೂತರು. ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿ, ನೆಲ ನೋಡುತ್ತಲೇ ಮಾತಾಡಿದರು.

"ನಿನಗೆ ಬ್ಯಾಸರ ಆಗದಿದ್ರೆ ಒಂದು ಕೇಳ್ತೀನಿ ಮಂಜಪ್ಪ. ಕತೆ ಬ್ಯಾಡ. ಅಂಗಡಿ ಮುಚ್ಚಿ ಬಂದೋರು ಮೈಮ್ಯಾಲೆಲ್ಲ ಕೂದಲು ಅಂತ ಅಂಗಳದಾಗೇ ನಿಂತ್ಕಂತಿದ್ರು. ಅಲ್ಲಿಂದಲೇ, 'ಗಂಗಾ, ನೀರು ಕಾದೈತೇನೇ' ಅಂತಿದ್ರು. ಅದೊಂದು ಸಲ ಅನ್ನು."

ಟ್ರಂಕನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಇಳಿದೆ. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದವನಲ್ಲ. ದಣಿದ ಗಂಡಸು ಮನೆಯ ಮುಂದೆ ನಿಂತು ಹೆಂಡತಿಯನ್ನು ಕರೆಯುವಾಗ ದನಿ ಎಲ್ಲಿಂದ ಏಳುತ್ತದೆ, ಎಲ್ಲಿ ಇಳಿಯುತ್ತದೆ, ನನಗೇನು ಗೊತ್ತು. ಬಾಗಿಲಿಗೆ ಬೆನ್ನು ಮಾಡಿ ನಿಂತು, ಗಂಟಲು ಸರಿಮಾಡಿಕೊಂಡು ಅಂದೆ.

"ಕಾದೈತೆ, ಬರ್ರಿ" ಎಂದರು ಗಂಗಕ್ಕ ಒಳಗಿನಿಂದ.

ನಾನು ತಿರುಗಿ ನೋಡದೆ ಬಹಳ ಹೊತ್ತು ಹಾಗೇ ನಿಂತಿದ್ದೆ. ಒಳಗೆ ಅವರು ಎದ್ದ ಸದ್ದಾಯಿತು. ಬಚ್ಚಲಮನೆಯ ಬಾಗಿಲು ತೆರೆದು, ಒಲೆಗೆ ಸೌದೆ ಒಟ್ಟತೊಡಗಿದರು.