ದಪ್ಪವಿಲ್ಲದ ಗೆರೆ

ಅಕ್ಕಾರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಮೂರು ಕಪ್ಪು ಗೆರೆಗಳಿರುತ್ತಿದ್ದವು. ಒಂದು ಕೂದಲೆಳೆಯಂಥದ್ದು, ಒಂದು ಸಾಧಾರಣ, ಒಂದು ದಪ್ಪ. ಮಸಿ ತುಂಬಿದ ಪೆನ್ನನ್ನು ನಕ್ಷೆಯ ಹಾಳೆಗೆ ಮುಟ್ಟಿಸುವ ಮುಂಚೆ ಉಗುರಿನ ಮೇಲೆ ಎಳೆದು ನೋಡುವುದು ಅವರ ರೂಢಿ. ಸಂಜೆ ಎಷ್ಟು ತಿಕ್ಕಿದರೂ ಅವು ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಗಳಿಂದ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ನನ್ನ ಡಬ್ಬಿಗೆ ಹಾಕುತ್ತಿದ್ದರು.

ಅದು ಗಂಗಾವತಿಯಲ್ಲಿ ಮನೆ, ಅಕ್ಕಿ ಗಿರಣಿ, ಗೋದಾಮುಗಳ ನಕ್ಷೆ ಮಾಡಿಕೊಡುವ ಒಂದು ಖಾಸಗಿ ಕಚೇರಿ. ಯಲಬುರ್ಗಾ ಕಡೆಯವಳಾದ ನಾನು ನಕ್ಷೆ ಬರೆಯುವ ತರಬೇತಿ ಮುಗಿಸಿ ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಸೇರಿದೆ. ಎಂಜಿನಿಯರ್ ಸಾಹೇಬರು ಪೆನ್ಸಿಲಿನಲ್ಲಿ ಹಾಕಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ಇಳಿಸುವುದು ಅಕ್ಕಾರ ಕೆಲಸ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನನ್ನನ್ನು ಅವರು ತಂಗೀ ಎನ್ನುತ್ತಿದ್ದರು.

ನಾನು ಬರೆದ ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಿವೇಶನದ ಸುತ್ತ ನಾನು ಎಳೆದಿದ್ದ ಹದ್ದಿನ, ಅಂದರೆ ಗಡಿಯ, ಗೆರೆಯನ್ನು ಬ್ಲೇಡಿನಿಂದ ಕೆರೆದೇ ಹಾಕಿದರು.

“ಗ್ವಾಡಿ ಎಷ್ಟು ಬೇಕಾದ್ರೂ ದಪ್ಪ ಹೊಡಿ ತಂಗೀ, ಯಾರೂ ಬ್ಯಾಡನ್ನಂಗಿಲ್ಲ. ಹದ್ದಿನ ಗೆರಿ ಮಾತ್ರ ಕೂದಲದಂಗ ಇರಬೇಕು. ಅದು ದಪ್ಪಾದ್ರ ಯಾರದೋ ಮನಿ ಸಣ್ಣದಾಗತೈತಿ.”

ಅದು ಅವರ ಮನೆಯ ಕಥೆಯೇ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬೇರೆ ಯಾರದೋ ಸಂಗತಿ ಎನ್ನುವ ಹಾಗೆ ಹೇಳಿದರು. ಗಂಡ ತೀರಿಕೊಂಡ ವರ್ಷವೇ ಗಂಡನ ಅಣ್ಣ, ಅಂದರೆ ಅವರ ಭಾವ, ಮನೆ ಪಾಲು ಮಾಡಿಸಿದ. ಪಂಚರು ಕೂತು ಕಾಗದದ ಮೇಲೆ ಮನೆ ಬರೆದು, ನಡುವೆ ದಪ್ಪನಾಗಿ ಒಂದು ಗೆರೆ ಎಳೆದರು. ಎರಡೂ ಪಾಲಿನ ಅಗಲವನ್ನು ಕೆಳಗೆ ಅಕ್ಷರದಲ್ಲಿ ಬರೆದರು. ಗೋಡೆ ಕಟ್ಟುವಾಗ ಭಾವ ಆ ಗೆರೆಯ ಮೇಲೆ ಬೆರಳಿಟ್ಟು, ಗೆರೆಯ ದಪ್ಪವೆಲ್ಲ ತನ್ನದೆಂದ. ಗೆರೆ ಮುಗಿದ ಮೇಲೆ, ಅಕ್ಕಾರ ಕಡೆಗೆ, ಗೋಡೆ ಎಬ್ಬಿಸಿದ. ಕಾಗದದ ಮೇಲಿನ ಆ ದಪ್ಪ ನೆಲದ ಮೇಲೆ ಒಂದು ಮೊಳವಾಯಿತು. ಹಿತ್ತಲ ಬಾವಿಗೆ ಹೋಗುವ ಓಣಿ ಇದ್ದದ್ದೇ ಆ ಮೊಳದಲ್ಲಿ. ಗೋಡೆ ಬಂದ ಮೇಲೆ ಅಲ್ಲಿ ಬೆಕ್ಕು ಮಾತ್ರ ನುಸುಳುತ್ತಿತ್ತು. ಅಕ್ಕಾರು ಬೀದಿಯ ನಳಕ್ಕೆ ಕೊಡ ಹಿಡಿದು ನಿಂತರು. ಬರವಣಿಗೆ ಬೇರೆ ಹೇಳುತ್ತದಲ್ಲ ಎಂದು ಪಂಚರನ್ನು ಕೇಳಿದರೆ, “ಗೆರಿ ಕಣ್ಣಿಗೆ ಕಾಣ್ತೈತೆಲ್ಲವಾ, ಬರದಿದ್ದು ಯಾತಕ್ಕ?” ಎಂದರಂತೆ.

“ಅವತ್ತ ಅನಕೊಂಡ್ನಿ,” ಅಂದರು ಅಕ್ಕಾರು. “ಈ ಗೆರಿ ಎಳಿಯೋ ವಿದ್ಯಾ ಏನೈತಿ, ಅದನ್ನ ನಾ ಕಲೀಬೇಕು.”

ಕಲಿತರು. ಗೆರೆ ಎಳೆಯುವ ಟೀ ಸ್ಕ್ವೇರ್ ಪಟ್ಟಿ ಹಿಡಿಯಲು ಬಾರದ ಕೈ ಸಾಹೇಬರಿಗಿಂತ ಗಟ್ಟಿಯಾಯಿತು. ಮನೆಯಿಂದ ಕಚೇರಿಗೆ ಹತ್ತಿರದ ದಾರಿಯೊಂದಿತ್ತು. ಅದನ್ನು ಬಿಟ್ಟು ದಿನಾ ಬೆಳಿಗ್ಗೆ ಭಾವನ ದಲಾಲಿ ಅಂಗಡಿಯ ಮುಂದೆಯೇ ಬರುತ್ತಿದ್ದರು. ಅಲ್ಲೊಂದು ಗಳಿಗೆ ನಿಂತು ಒಳಗೆ ನೋಡುತ್ತಿದ್ದರು. ಗಾದಿಯ ಮೇಲೆ ಕೂತ ಭಾವ ತಲೆ ತಗ್ಗಿಸಿದ ಮೇಲೆಯೇ ಮುಂದಿನ ಹೆಜ್ಜೆ.

“ಯಾಕ್ರಿ ಅಕ್ಕಾರ, ಸುತ್ತು ಹಾಕ್ಕೊಂಡು?” ಎಂದು ಕೇಳಿದೆ.

“ಮರತ್ರ ಹೆಂಗ? ನೆನಪ ಮಾಡಿ ಬರತೀನಿ.”

ಹುಣ್ಣಿಮೆಗೆ ಹುಲಿಗಿಯ ದೇವಿಯ ಗುಡಿಗೆ ಹೋಗುತ್ತಿದ್ದರು. ಒಮ್ಮೆ ಜೊತೆಗೆ ಹೋದಾಗ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಹೇಳಿದರು: “ಎಲ್ಲಾರೂ ಸಿಟ್ಟು ಇಳಸವ್ವಾ ಅಂತಾರ. ನಾ ಇಳಸಬ್ಯಾಡ ಅಂತ ಬೇಡ್ಕೊಂಡು ಬಂದೀನಿ.”

ಎಂಬತ್ತರ ದಶಕದ ಕೊನೆಗೆ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಜೊತೆಗೆ ತಾನೇ ಪೆನ್ನು ಹಿಡಿದು ಹಾಳೆಯ ಮೇಲೆ ಓಡಿಸುವ ಒಂದು ಯಂತ್ರ. ಕಲಿಸಲು ಹುಬ್ಬಳ್ಳಿಯಿಂದ ಒಬ್ಬ ತರುಣ ಬಂದಿದ್ದ. ಪರದೆಯ ಮೇಲೆ ಗೋಡೆ, ಬಾಗಿಲು, ಹದ್ದು ಎಲ್ಲವೂ ಒಂದೇ ದಪ್ಪ ಕಾಣುತ್ತಿದ್ದವು. ಬಣ್ಣ ಮಾತ್ರ ಬೇರೆ. ಅಕ್ಕಾರಿಗೆ ಇದು ಸೇರಲಿಲ್ಲ.

“ದಪ್ಪ ಎಲ್ಲೈತಪ್ಪಾ ಇದರಾಗ?”

“ಇಲ್ಲಿ ಕಾಣಂಗಿಲ್ರಿ ಅಕ್ಕಾರ. ಬಣ್ಣದ ಮ್ಯಾಲ ತಿಳಕೋಬೇಕು. ಕೆಂಪಿಗೆ ಸಣ್ಣ ಪೆನ್ನು, ಹಳದಿಗೆ ದಪ್ಪ ಪೆನ್ನು. ಹಾಳಿ ಮ್ಯಾಲ ಬರೋ ಮುಂದ ದಪ್ಪ ಬರತೈತಿ.”

“ಇದನ್ನ ಹತ್ರ ತಾ ನೋಡೂಣು.”

ಆತ ಒಂದು ಗೆರೆಯನ್ನು ದೊಡ್ಡದು ಮಾಡಿದ. ಕೋಣೆ ಪರದೆಯ ಆಚೆ ಹೋಯಿತು, ಬಾಗಿಲು ಹೋಯಿತು. ಗೆರೆ ಹಾಗೆಯೇ ಉಳಿಯಿತು, ಕೂದಲೆಳೆಯಂತೆ.

“ಇನ್ನೂ ಹತ್ರ.”

“ಎಷ್ಟು ಹತ್ರ ಹೋದ್ರೂ ಇಷ್ಟ ರೀ. ಗೆರಿಗಿ ದಪ್ಪನ ಇಲ್ಲ. ಈ ತುದಿಯಿಂದ ಆ ತುದಿಗೆ ಲೆಕ್ಕ, ಅಷ್ಟ.”

ಅಕ್ಕಾರು ಪರದೆಯ ಹತ್ತಿರ ಮುಖ ತಂದು ನೋಡಿದರು. ಆಮೇಲೆ ನಕ್ಕರು. ಹತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತರೂ ಅವರು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಮರುವರ್ಷ ಭಾವ ತಾನಾಗಿ ಬಂದ. ತನ್ನ ಪಾಲಿನ ಹಳೆ ಮನೆ ಕೆಡವಿ ಲಾಡ್ಜ್ ಕಟ್ಟುವವನಿದ್ದ. ನಕ್ಷೆ ಮಂಜೂರಾಗಲು ಪಾಲಿನ ಕಾಗದ ಹಚ್ಚಬೇಕು, ಹದ್ದು ಸರಿಯಾಗಿ ತೋರಿಸಬೇಕು. ಸಾಹೇಬರ ಮುಂದೆ ಮೆಲ್ಲಗೆ, “ಆಕಿ ಕೈಯಾಗ ಕೊಡಬ್ಯಾಡ್ರಿ” ಎಂದ. ಸಾಹೇಬರು ನನ್ನ ಕೈಗೆ ಕೊಟ್ಟರು.

ಕಾಗದದಲ್ಲಿ ಬರೆದ ಅಳತೆಯಂತೆ ನಾನು ಹದ್ದು ಎಳೆದೆ. ಸ್ಥಳದಲ್ಲಿ ಅಳೆದು ತಂದಂತೆ ಗೋಡೆ ಎಳೆದೆ. ಗೋಡೆ ಹದ್ದನ್ನು ದಾಟಿ ಅಕ್ಕಾರ ಪಾಲಿನಲ್ಲಿ ನಿಂತಿತ್ತು. ಅಕ್ಕಾರನ್ನು ಕರೆದು ತೋರಿಸಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಸಾಹೇಬ್ರನ್ನ ಕರಿ. ಆತನ್ನೂ ಕರಸು.”

ಭಾವ ಬಂದು ಪರದೆ ನೋಡಿ ಸಿಡಿದ. “ಇದೇನು ಆಟಾ? ಪಂಚರ ಕಾಗದದಾಗ ಗೆರಿ ಇಷ್ಟ ದಪ್ಪ ಐತಿ. ಆ ದಪ್ಪೆಲ್ಲಾ ನಂದು!”

ಅಕ್ಕಾರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ಹದ್ದಿನ ಗೆರೆಯನ್ನು ದೊಡ್ಡದು ಮಾಡುತ್ತ ಹೋದರು. ಮನೆ ಹೋಯಿತು, ಹಿತ್ತಲು ಹೋಯಿತು, ಗೋಡೆಯೂ ಹೋಯಿತು. ಪರದೆಯ ತುಂಬ ಕತ್ತಲು, ನಡುವೆ ಒಂದೇ ಎಳೆ.

“ಎಲ್ಲೈತ್ರಿ ದಪ್ಪ? ತೋರಸ್ರಿ.”

ಭಾವ ತಿರುಗಿ ಎಂಜಿನಿಯರ್ ಸಾಹೇಬರ ಮುಖ ನೋಡಿದ.

“ದಪ್ಪ ಅನ್ನೂದು ಪೆನ್ನಿಂದ್ರಿ, ಗೆರೀದಲ್ಲ. ಸಣ್ಣ ಪೆನ್ನು ಹಾಕಿದ್ರ ಸಣ್ಣ, ದೊಡ್ಡದು ಹಾಕಿದ್ರ ದೊಡ್ಡದು. ಪಂಚರ ಪೆನ್ನು ದಪ್ಪಿತ್ತು. ಪೆನ್ನಿನ ದಪ್ಪದಾಗ ನೀವು ನನ್ನ ಓಣಿ ನುಂಗಿದ್ರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಬರದ ಅಳತೀನ ಖರೆ. ಆ ಗ್ವಾಡಿ ಇರೂತನಕ ನಾ ಸಹಿ ಮಾಡಂಗಿಲ್ರಿ.”

ಭಾವನ ದನಿ ಇಳಿಯಿತು. “ಆ ಮೊಳ ಜಾಗಾ ನನಗ ಬಿಡು. ಏನ್ ಬೇಕು ಕೇಳು.”

“ಮಾರಾಕ ಕುಂತಿಲ್ರಿ ನಾ. ಗ್ವಾಡಿ ಕೆಡವ್ರಿ. ಆಳು ಹಚ್ಚಬ್ಯಾಡ್ರಿ, ನೀವ ಕೆಡವ್ರಿ.”

ಅಷ್ಟು ವರ್ಷದ ಸಿಟ್ಟಿನಲ್ಲೂ ಅವರು ಆ ‘ರಿ’ ಬಿಡಲಿಲ್ಲ. ಬೈದಿದ್ದರೆ ಆತನಿಗೆ ಅಷ್ಟು ನೋಯುತ್ತಿರಲಿಲ್ಲ.

ಕೆಡವಿದ. ಶುಭ್ರ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ಕೈಯಲ್ಲಿ ಹಾರೆ ಹಿಡಿದು, ಬೀದಿಯ ಜನರೆಲ್ಲ ನೋಡುತ್ತಿರುವಾಗ. ಅಕ್ಕಾರು ರಜೆ ಹಾಕಿ ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಆತ ಸುಸ್ತಾಗಿ ಕೂತರೆ ಇವರ ಕೈಯೂ ನಿಲ್ಲುತ್ತಿತ್ತು. ಎದ್ದರೆ ಮತ್ತೆ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತಿದ್ದೆ. ಒಳಗೊಳಗೆ ಖುಷಿಯಾಗುತ್ತಿತ್ತು, ಇಲ್ಲ ಎನ್ನಲಾರೆ.

ಗೋಡೆ ಬಿದ್ದ ಮೇಲೆ ನೋಡಿದರೆ ಬಾವಿಯೇ ಇರಲಿಲ್ಲ. ಭಾವ ಯಾವಾಗಲೋ ಕಲ್ಲುಮಣ್ಣು ಹಾಕಿ ತುಂಬಿಸಿಬಿಟ್ಟಿದ್ದ. ಅಷ್ಟೊತ್ತಿಗೆ ಅಕ್ಕಾರ ಮನೆಯೊಳಗೇ ನಳ ಬಂದಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

“ಬಾವಿ ಇಬ್ಬರದೂ ಅಂತ ಕಾಗದದಾಗ ಬರದೈತ್ರಿ,” ಅಂದರು ಅಕ್ಕಾರು. “ತೆಗಸ್ರಿ.”

ಆ ಬೇಸಿಗೆಯೆಲ್ಲ ಆತ ಮಣ್ಣು ತೆಗೆಸಿದ. ಕೊನೆಗೊಂದು ದಿನ ತಳದಲ್ಲಿ ನೀರು ಕಂಡಿತು. ಅಕ್ಕಾರು ಹಗ್ಗ ಬಿಟ್ಟು ಒಂದು ಕೊಡ ಸೇದಿದರು. ಗೋಡೆ ಇದ್ದ ಜಾಗದುದ್ದಕ್ಕೂ ಆ ನೀರನ್ನು ಸುರಿದರು. ಹಗ್ಗ ಸುತ್ತಿ ಗೂಟಕ್ಕೆ ಹಾಕಿ ಒಳಗೆ ಹೋದರು. ಮತ್ತೆ ಆ ಬಾವಿಯಿಂದ ಒಂದು ತಂಬಿಗೆ ನೀರನ್ನೂ ಅವರು ಸೇದಲಿಲ್ಲ.

ಮರುದಿನದಿಂದ ಹತ್ತಿರದ ದಾರಿಯಲ್ಲಿ ಕಚೇರಿಗೆ ಬರತೊಡಗಿದರು. ಭಾವನಿಗೆ ಲಾಡ್ಜಿನ ಉಮೇದು ಹೋಯಿತು. ಪಾಲು ಮಾರಿ, ಮಗಳಿದ್ದ ಕುಷ್ಟಗಿಗೆ ಹೋಗಿಬಿಟ್ಟ.

ಕೆಲವು ವರ್ಷಗಳ ಮೇಲೆ ಅಕ್ಕಾರು ಜಡ್ಡಿಗೆ ಬಿದ್ದರು. ಕೊನೆಯ ತಿಂಗಳು ನಾನೇ ಅವರ ಹತ್ತಿರ ಇದ್ದೆ. ತೀರಿಕೊಂಡ ದಿನ, ಹೆಣ ಎತ್ತುವ ಮುಂಚೆ, ಭಾವ ಬಂದ. ತುಂಬ ಮುದುಕನಾಗಿದ್ದ. ಒಳಗೆ ಹೋಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

“ನೀ ಹತ್ರ ಇದ್ದೆಂತಲ್ಲವಾ. ಕಡೀಕ ನನ್ನ ಬಗ್ಗೆ ಏನರ ಅಂದ್ಲೇನು?”

“ಇಲ್ರಿ.”

“ಬೈದಿರಬೇಕು. ಬೈದಿದ್ರೂ ಹೇಳವಾ, ನಡೀತೈತಿ.”

ನಿಜವಾಗಿಯೂ ಏನೂ ಅಂದಿರಲಿಲ್ಲ. ಬಾವಿಯಲ್ಲಿ ನೀರು ಬಂದ ದಿನದಿಂದ ಅವರ ಬಾಯಲ್ಲಿ ಆತನ ಸುದ್ದಿಯೇ ಬಂದಿರಲಿಲ್ಲ. ಆತ ಕೋಲೂರಿಕೊಂಡು ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ಒಂದು ಬೈಗುಳ ಕಟ್ಟಿ ಹೇಳಿದ್ದರೂ ಸಾಕಿತ್ತು, ಸಮಾಧಾನವಾಗಿ ಬಸ್ಸು ಹತ್ತುತ್ತಿದ್ದ. ಆದರೆ ನಾನು ಅಕ್ಕಾರ ಕೈಕೆಳಗೆ ಕಲಿತವಳು.

“ಏನೂ ಅನ್ನಲಿಲ್ರಿ,” ಅಂದೆ.